ಈ ನಾಯಿ ಯಾರದ್ದು? ಮುಳಬಾಗಿಲಿನ ಕಲ್ಲಿನಿಂದ ಲಸಿಕೆ ಕಾರ್ಡಿನವರೆಗೆ

ಇವತ್ತಿನ ಸಂಚಿಕೆ ಕೋಲಾರದ ನಮ್ಮ ಬೀದಿಯಿಂದಲೇ ಶುರು. ನಮ್ಮ ಮನೆ ನಾಯಿ ಚಿನ್ನಿ ಬಿಸ್ಕೆಟ್ ಕಿತ್ತುಕೊಳ್ಳೋ ಆಟದಲ್ಲಿ ಎದುರುಮನೆ ಹುಡುಗನ ಕೈಗೆ ಹಲ್ಲು ತಾಗಿಸಿಬಿಡ್ತು. ಸ್ವಲ್ಪ ರಕ್ತ ಬಂತು. ಹುಡುಗನ ಅಜ್ಜಿ ಜಗಳ ಆಡಲಿಲ್ಲ. "ಇಂಜೆಕ್ಷನ್ ಹಾಕ್ಸಿದ್ದೀಯೇನಪ್ಪ? ಚೀಟಿ ತೋರ್ಸು" ಅಂದರು.

ಚೀಟಿ ಇರಲಿಲ್ಲ. ಮರಿಯಾಗಿದ್ದಾಗ ಒಂದು ಸಲ ಹಾಕಿಸಿದ್ದು ನೆನಪು. ಆಮೇಲೆ ಅಪ್ಪ ಹಾಕಿಸಿರ್ತಾರೆ ಅಂತ ನಾನು, ಮಗ ಹಾಕಿಸಿರ್ತಾನೆ ಅಂತ ಅಪ್ಪ. ಮೂರು ಮನೆಯವರು ಮುದ್ದೆ ಹಾಕೋ ನಾಯಿ ಅದು. ಹೊಣೆ ಅಂತ ಬಂದಾಗ ಮಾತ್ರ ಯಾರದ್ದೂ ಅಲ್ಲ.

ಈ ಪ್ರಶ್ನೆ ಹಿಡ್ಕೊಂಡು ಹಿಂದಕ್ಕೆ ಹೋದರೆ, ನಮ್ಮ ಜಿಲ್ಲೆಯಲ್ಲೇ ನಾಯಿಗಳ ಲೆಕ್ಕ ಕಲ್ಲಿನ ಮೇಲೆ ಸಿಗುತ್ತೆ. ಮುಳಬಾಗಿಲು ತಾಲ್ಲೂಕಿನ 10ನೇ ಶತಮಾನದ ಒಂದು ಶಾಸನ ಲೋಗ, ಧಳಗ ಅನ್ನೋ ಎರಡು ಬೇಟೆನಾಯಿಗಳ ನೆನಪಿಗಾಗಿ ಇದೆ. ಒಂದು ಕೊಂದ ಹಂದಿ 75, ಇನ್ನೊಂದು 26. ಸಾವಿರ ವರ್ಷದ ಹಿಂದೆ ಕೋಲಾರದ ಸೀಮೆಯಲ್ಲಿ ಬದುಕಿದ್ದ ಎಷ್ಟೋ ಜನರ ಹೆಸರು ನಮಗೆ ಗೊತ್ತಿಲ್ಲ, ಈ ನಾಯಿಗಳ ಹೆಸರು ಗೊತ್ತು.

ಇದಕ್ಕಿಂತ ಹೆಸರಾದದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಅದಕ್ಕೂ ಕೋಲಾರಕ್ಕೂ ನಂಟಿದೆ. ಗಂಗರ ಮೊದಲ ರಾಜಧಾನಿ ನಮ್ಮೂರೇ. ತಲಕಾಡಿಗೆ ಹೋದಮೇಲೂ ಅವರು ಕುವಳಾಲಪುರವರೇಶ್ವರ ಅನ್ನೋ ಬಿರುದು ಬಿಡಲಿಲ್ಲ. ಆ ಗಂಗರ ಇಮ್ಮಡಿ ಬೂತುಗ 949ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಚೋಳ ರಾಜಾದಿತ್ಯ ಸತ್ತ. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನೋ ಸರದಾರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಬೂತುಗನ ನಾಯಿ ಕಾಳಿಯನ್ನ! ಮುಂದೆ ಕಾಳಿಯನ್ನ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು.

ಕಥೆಯ ಈ ಭಾಗ ಎಲ್ಲರೂ ಹೇಳ್ತಾರೆ. ಬಿ.ಕಾಂ ಓದಿದ ನನಗೆ ಹಿಡಿಸಿದ್ದು ಕೊನೆಯ ಸಾಲುಗಳು. ಕಾಳಿಗೆ ಕಲ್ಲು ನಿಲ್ಲಿಸಿ ಅಷ್ಟಕ್ಕೇ ಬಿಡಲಿಲ್ಲ. ಅದರ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟರು. ನೋಡಿಕೊಳ್ಳೋ ಗೊರವ, ಅಂದರೆ ಶೈವ ಪೂಜಾರಿ, ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಬರೆಸಿದರು. ಖರ್ಚಿಗೆ ಆದಾಯ, ಕೆಲಸಕ್ಕೆ ಆಳು, ತಪ್ಪಿದರೆ ಶಿಕ್ಷೆ. ಸತ್ತ ನಾಯಿಗೆ ಇಷ್ಟು ವ್ಯವಸ್ಥೆ! ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ, ಹೋಗಿ ನೋಡಿ.

ಹಾಗಂತ ಹಿಂದಿನವರೆಲ್ಲ ನಾಯಿಪ್ರೇಮಿಗಳು ಅಂತ ಅಲ್ಲ. ಕಲ್ಲು ನಿಂತದ್ದು ಹಂದಿ ಕೊಂದ ನಾಯಿಗೆ. ಶ್ರೀನಿವಾಸಪುರದ ಮಾವಿನ ತೋಟ ಕಾಯೋ ನಾಯಿಗೂ ಕೆಲಸ ಇತ್ತು, ಈಗಲೂ ಇದೆ. ಮಹಡಿ ಮೇಲಿನ ಬಾಡಿಗೆ ಮನೆಯ ಚಿನ್ನಿಗೆ ಏನು ಕೆಲಸ? ನಾವು ಬರೋದನ್ನ ಕಾಯೋದು, ಅಷ್ಟೇ.

ಕೆಲಸ ಇಲ್ಲದ ನಾಯಿಯಾದರೂ ಹಲ್ಲು ಇರುತ್ತಲ್ಲ. ಎದುರುಮನೆ ಅಜ್ಜಿಯ ಭಯ ಸುಮ್ಮನೆ ಬಂದದ್ದಲ್ಲ. ಅವರ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ಭಾರತದಲ್ಲಿ 2004ರ ಕೊನೆಗೆ ನಿಂತಿತು. ಅದಕ್ಕೂ ಮೊದಲು, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಗೋವರೆಗೆ, ದಕ್ಷಿಣದವರು ಚಿಕಿತ್ಸೆಗೆ ಹಿಮಾಲಯದ ತಪ್ಪಲಿನ ಕಸೌಲಿಗೆ ಹೋಗಬೇಕಿತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡಮೇಲೆ ಉಳಿಯೋರು ಇಲ್ಲವೇ ಇಲ್ಲ ಅನ್ನಬಹುದು, ಇವತ್ತಿಗೂ.

ನಾವು ಗಾಯವನ್ನ ಸೋಪು ಹಾಕಿ ನಲ್ಲಿ ಕೆಳಗೆ 15 ನಿಮಿಷ ತೊಳೆದು, ಹುಡುಗನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ. ನಾಲ್ಕೂ ಸಲ ಬೈಕಿನಲ್ಲಿ ನಾನೇ ಕೂರಿಸಿಕೊಂಡು ಹೋದೆ. ಪಾಪ, ಅವನು ಅಳಲಿಲ್ಲ, ಚಿನ್ನಿಗೂ ನೋವಾಗುತ್ತಾ ಅಂತ ಕೇಳ್ತಿದ್ದ.

ಕಾನೂನಿನಲ್ಲಿ ಉತ್ತರ ಸ್ಪಷ್ಟ ಇದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆ, ಜಂತುಹುಳದ ಔಷಧಿ, ಸಂತಾನಹರಣ ಎಲ್ಲ ಮಾಲೀಕರದ್ದೇ. ಬೀದಿ ನಾಯಿಯದ್ದು ಸ್ಥಳೀಯ ಸಂಸ್ಥೆಯದ್ದು. ಆದರೆ ಕೋಲಾರ, ಮಾಲೂರಿನಂಥ ಊರುಗಳಲ್ಲಿ ಎಷ್ಟೋ ನಾಯಿಗಳು ಈ ಎರಡರ ನಡುವೆ ಬದುಕ್ತಾವೆ. ರಾತ್ರಿ ನಮ್ಮ ಮೆಟ್ಟಿಲು, ಹಗಲು ಬೀದಿ. ಚಿನ್ನಿಯೂ ಹಾಗೇ.

ಪಶುವೈದ್ಯರು ಹೊಸ ಕಾರ್ಡ್ ಕೊಟ್ಟು, ಮಾಲೀಕರ ಹೆಸರು ಏನು ಅಂದರು. ನಾನು ಅಪ್ಪನ ಮುಖ ನೋಡಿದೆ, ಅಪ್ಪ ನನ್ನ ಮುಖ ನೋಡಿದರು. ಅಮ್ಮ ಪೆನ್ನು ಕಿತ್ಕೊಂಡು ತಮ್ಮ ಹೆಸರು ಬರೆದು, ಕೆಳಗೆ ನನ್ನ ಫೋನ್ ನಂಬರ್ ಹಾಕಿದರು. ಕಾರ್ಡ್ ಈಗ ಫ್ರಿಜ್ ಮೇಲೆ, ಕರೆಂಟ್ ಬಿಲ್ ಪಕ್ಕದಲ್ಲಿದೆ.