ನೆಗ್ಗಿದ ಮೌತ್‌ಪೀಸ್, ಬೋಗಾರರ ಸುತ್ತಿಗೆ ಮತ್ತು ನಮ್ಮ ಲೇಥ್



ಗೋಕುಳ ಶಿರಗಾಂವ ಎಂದ ಕೂಡಲೇ ಹಲವರಿಗೆ ಹಾಲಿನ ಡೇರಿ ನೆನಪಾಗುತ್ತದೆ, ಉಳಿದವರಿಗೆ ಫೌಂಡ್ರಿ ಮತ್ತು ಲೇಥಿನ ಸದ್ದು. ಈ ಲೇಥಿಗೂ ಮದುವೆ ಮೆರವಣಿಗೆಯ ಬ್ಯಾಂಡಿಗೂ ಒಂದು ನಂಟಿದೆ ಎಂದರೆ ನಂಬುತ್ತೀರಾ? ಆ ನಂಟು ಟ್ರಂಪೆಟ್ಟಿನ ಮೌತ್‌ಪೀಸಿನ ಬಾಲದಲ್ಲಿದೆ!

ಮೊದಲು ಬ್ಯಾಂಡಿನ ಕಥೆ. 1818ರಲ್ಲಿ ಬರ್ಲಿನ್ ನಗರದಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಪೇಟೆಂಟ್ ಪಡೆದರು. ಮುಂದೆ ಹಿತ್ತಾಳೆ ವಾದ್ಯದಲ್ಲಿ ಎಲ್ಲ ಸ್ವರಗಳನ್ನೂ ಸುಲಭವಾಗಿ ನುಡಿಸುವಂತಾಯಿತು. ಬ್ರಿಟಿಷ್ ಪಲ್ಟನ್ನುಗಳ ಜೊತೆ ಈ ವಾದ್ಯಗಳು ನಮ್ಮ ದೇಶಕ್ಕೆ ಬಂದವು. ಸಂಸ್ಥಾನಗಳೂ ಬ್ಯಾಂಡ್ ಕಟ್ಟಿದವು. ಮೈಸೂರು ಅರಮನೆ ಬ್ಯಾಂಡ್ ಆರಂಭವಾದದ್ದು 1868ರಲ್ಲಿ. ಮೀರತ್ ಊರಿನ ನಾದಿರ್ ಅಲಿ ಕಂಪನಿ 1885ರದು. ಅರಮನೆಯ ವಾದ್ಯ ಕ್ರಮೇಣ ಬೀದಿಗಿಳಿದು ಬಡವರ ಮದುವೆಗೂ ಬಂತು.

ಇನ್ನು ಬಾಲದ ವಿಷಯ. ಮೌತ್‌ಪೀಸಿನ ಕೆಳಭಾಗ ತುದಿಗೆ ಹೋಗುತ್ತಾ ಸಣ್ಣದಾಗುತ್ತದೆ. ಅದೇ ವಾದ್ಯದ ಕೊಳವೆಯೊಳಗೆ ಕೂಡುವ ಭಾಗ. ಟ್ರಂಪೆಟ್ಟಿನಲ್ಲಿ ಈ ತುದಿಯ ವ್ಯಾಸ 10 ಮಿ.ಮೀ.ಗೂ ತುಸು ಕಡಿಮೆ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ದುಂಡಗಿನ ತುದಿ ನೆಗ್ಗುತ್ತದೆ. ಆಗ ಅದು ಸರಿಯಾಗಿ ಕೂಡುವುದಿಲ್ಲ, ಗಾಳಿ ಸೋರುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ, ಸ್ವರ ಕೆಡುತ್ತದೆ. ಪಕ್ಕಡ ಹಿಡಿದು ತಿರುಚಿದರೆ ಬೆಳ್ಳಿ ಲೇಪ ಕಿತ್ತು ಹೋಗುತ್ತದೆ, ಹಿತ್ತಾಳೆ ಸೀಳಲೂಬಹುದು.

ಸರಿಯಾದ ರಿಪೇರಿ ತಾಳ್ಮೆಯದು. ನುಣುಪಾದ, ಮೊನೆ ಸಣ್ಣಗಿರುವ ಉಕ್ಕಿನ ಸರಳನ್ನು ತುದಿಯಿಂದ ಒಳಗೆ ತೂರಿಸಬೇಕು. ಬಾಲವನ್ನು ತಿರುಗಿಸುತ್ತಾ ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು. ಒಂದೇ ಏಟಿಗೆ ಸರಿಯಾಗಲಿ ಎಂದು ಹೊಡೆಯಬಾರದು. ಬಡಿದಷ್ಟೂ ಹಿತ್ತಾಳೆ ಗಡಸಾಗಿ ಬಿರುಕು ಬಿಡುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಒಳಗೆ ಆಸರೆ ಕೊಟ್ಟು ಹೊರಗೆ ತಟ್ಟುವುದು ನಮ್ಮ ಬೋಗಾರರು, ಕಂಚಗಾರರು ಕೊಡಕ್ಕೆ ಮಾಡುತ್ತಿದ್ದ ಕೆಲಸವೇ. ಬೆಳಗಾವಿಯ ಬೋಗಾರ ವೇಸ್, ಹುಬ್ಬಳ್ಳಿಯ ಕಂಚಗಾರ ಗಲ್ಲಿಗಳು ಇಂದಿಗೂ ಅವರ ಹೆಸರು ಹೊತ್ತಿವೆ. ಸ್ಟೀಲ್ ಪಾತ್ರೆ ಮನೆಮನೆಗೆ ಬಂದ ಮೇಲೆ ಆ ಸುತ್ತಿಗೆಯ ಸದ್ದು ಕಡಿಮೆಯಾಯಿತು.

ಈಗ ಲೇಥಿಗೆ ಬರೋಣ. 1860ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಡ್ರಿಲ್ ಕೂರಿಸಲು ಒಂದು ಇಳಿಜಾರಿನ ಅಳತೆ ಗೊತ್ತು ಮಾಡಿದ. ಅದೇ ಮೋರ್ಸ್ ಟೇಪರ್. ಅದರ ಸೊನ್ನೆ ನಂಬರಿನ ಇಳಿಜಾರು 19.2 ಮಿ.ಮೀ.ಗೆ 1 ಮಿ.ಮೀ.; ಟ್ರಂಪೆಟ್ ಬಾಲದ ಹೊರಮೈ ಸುಮಾರು 20ಕ್ಕೆ 1. ಎರಡೂ ಹೆಚ್ಚುಕಡಿಮೆ ಒಂದೇ! ಸ್ಕ್ರೂ ಇಲ್ಲ, ಅಂಟು ಇಲ್ಲ, ಬರಿಯ ಬಿಗಿಯಿಂದಲೇ ಎರಡೂ ನಿಲ್ಲುತ್ತವೆ. ಆದ್ದರಿಂದಲೇ ದುಂಡು ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿದರು. ಕೊಲ್ಲಾಪುರವೂ ಮುಂದೆ ಆಯಿಲ್ ಇಂಜಿನ್ನಿನ ಊರಾಯಿತು. ಇಲ್ಲಿನ ಟರ್ನರ್ ಕೈಗೆ ಟೇಪರ್ ನಿತ್ಯದ ಕೆಲಸ. ರಿಪೇರಿಗೆ ಬೇಕಾದ ಆ ಉಕ್ಕಿನ ಸರಳನ್ನು ತಿರುವಿಕೊಡುವುದು ಅವನಿಗೆ ಕಷ್ಟವಲ್ಲ.

ಬ್ಯಾಂಡಿನವನ ದುಡಿಮೆ ಮದುವೆ ಸೀಜನ್ನಿನ ಕೆಲವೇ ದಿನಗಳದು. ಮೀರತ್ತಿನಿಂದ ಹೊಸದು ಬರುವ ತನಕ ಮುಹೂರ್ತ ಕಾಯುವುದಿಲ್ಲ. ಬೋಗಾರರ ತಾಳ್ಮೆ ಮತ್ತು ಟರ್ನರನ ಅಳತೆ ಒಂದೇ ಕೈಯಲ್ಲಿ ಕೂಡಿದರೆ ಒಂದು ಮನೆಯ ಒಲೆ ಉರಿಯುತ್ತದೆ. ಗಡಿಯ ಎರಡೂ ಕಡೆಯ ನಮ್ಮ ಮಕ್ಕಳು ಈ ವಿದ್ಯೆಯನ್ನು ಸಣ್ಣದೆಂದು ತಿಳಿಯದಿರಲಿ.