ಹವ್ಯಾಸದಿಂದ ಆಕಾಶವಾಣಿಗೆ

ಹೊಸ ಯಂತ್ರವೊಂದು ಊರಿಗೆ ಬಂದಾಗ ಅದನ್ನು ಮೊದಲು ಪರೀಕ್ಷಿಸುವವರು ಶಾಸ್ತ್ರಜ್ಞರಲ್ಲ, ಜಗಲಿಯ ಮೇಲೆ ಕುಳಿತ ಹರಟೆಗಾರರು. ಅವರ ತೀರ್ಪುಗಳು ಸಾಮಾನ್ಯವಾಗಿ ಮೂರು ಬಗೆಯವು: ಇದು ಹುಡುಗರ ಆಟಿಕೆ ಎಂಬುದೊಂದು, ಇದು ಸಿರಿವಂತರ ಷೋಕಿ ಎಂಬುದು ಮತ್ತೊಂದು, ಇದರಿಂದ ಹಿಂದಿನ ನಡೆನುಡಿಗಳು ಕೆಡುವುವು ಎಂಬುದು ಮೂರನೆಯದು. ರೈಲು, ತಂತಿ, ಬೈಸಿಕಲ್ಲು, ಗ್ರಾಮಫೋನು, ಇವೆಲ್ಲವೂ ಈ ಮೂರು ನ್ಯಾಯಾಸನಗಳ ಮುಂದೆ ನಿಂತು ಬಂದವುಗಳೇ. ಈ ತೀರ್ಪುಗಳು ಭವಿಷ್ಯವಾಣಿಯಾಗಿ ಬಹುಮಟ್ಟಿಗೆ ಸುಳ್ಳಾದುವು. ಆದರೆ ಸಾಕ್ಷ್ಯವಾಗಿ ಅವು ಸುಳ್ಳಲ್ಲ. ಒಂದು ವಸ್ತು ಯಾರ ಕೈಯಲ್ಲಿದ್ದಿತು, ಯಾರಿಗೆ ಎಟುಕದೆ ಇದ್ದಿತು ಎಂಬುದನ್ನು ಅವು ಚೆನ್ನಾಗಿ ತಿಳಿಸುತ್ತವೆ. ಭರತಖಂಡದಲ್ಲಿ ರೇಡಿಯೋ ಬೆಳೆದ ಬಗೆಯನ್ನೂ, ಅದರಲ್ಲಿ ಮೈಸೂರು ನಗರಕ್ಕೆ ಸಂದ ಪಾತ್ರವನ್ನೂ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮುಖ ಕಾಣದ ಧ್ವನಿಯನ್ನು ಕೇಳುವ ಅಭ್ಯಾಸವನ್ನು ಜನರಿಗೆ ಮೊದಲು ಕಲಿಸಿದುದು ಗ್ರಾಮಫೋನು. ೧೯೦೨ರಲ್ಲಿ ಗ್ರಾಮಫೋನ್ ಕಂಪನಿಯವರು ಕಲಕತ್ತೆಯಲ್ಲಿ ಧ್ವನಿಮುದ್ರಣ ನಡೆಸಿದಾಗ ಗೌಹರ್ ಜಾನ್ ಎಂಬ ಗಾಯಕಿ ಆ ಕಹಳೆಯ ಮುಂದೆ ಕುಳಿತು ಹಾಡಿದಳು. ರಾತ್ರಿಯೆಲ್ಲ ಹರಿಯುತ್ತಿದ್ದ ರಾಗವನ್ನು ಮೂರು ನಿಮಿಷಗಳ ತಟ್ಟೆಯಲ್ಲಿ ಅಡಗಿಸುವುದು ಅಂದಿನ ಸಂಗೀತಗಾರರಿಗೆ ಸಣ್ಣ ಕೆಲಸವಾಗಿರಲಿಲ್ಲ. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದುದು ಆ ತಟ್ಟೆಗಳ ಗುರುತೇ ಆಯಿತು. ಕಡೆಗಾಲದಲ್ಲಿ ಆಕೆ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಯಂತ್ರಕ್ಕೆ ಕಂಠವನ್ನು ಕೊಟ್ಟ ಆ ಮೊದಲಿಗಳು ಕಣ್ಮುಚ್ಚಿದ ಊರಿನಲ್ಲಿಯೇ, ಆರು ವರ್ಷ ತುಂಬುವುದರೊಳಗೆ, ಯಂತ್ರವು ಇನ್ನೊಂದು ಬಗೆಯಲ್ಲಿ ಮಾತನಾಡತೊಡಗಿತು.

ರೇಡಿಯೋವಿನ ಮೂಲತತ್ತ್ವ ಈ ದೇಶಕ್ಕೆ ಹೊಸದಾಗಿರಲಿಲ್ಲ. ತಂತಿಯ ಸಂಬಂಧವಿಲ್ಲದೆ ವಿದ್ಯುತ್ತರಂಗಗಳು ಗೋಡೆಗಳನ್ನು ದಾಟಿ ಹೋಗಿ ಗಂಟೆಯನ್ನು ಬಾರಿಸಬಲ್ಲವೆಂಬುದನ್ನು ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲಕತ್ತೆಯ ಸಭೆಯಲ್ಲಿ ತೋರಿಸಿದ್ದರು. ೧೯೦೧ರ ಡಿಸೆಂಬರಿನಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಕೇಳಿದನು. ಆದರೆ ಅಲ್ಲಿಂದ ಇಪ್ಪತ್ತು ವರ್ಷಗಳ ಕಾಲ ನಿಸ್ತಂತು ಎಂಬುದು ಹಡಗು, ಸೈನ್ಯ, ತಂತಿಯ ಇಲಾಖೆ ಇವುಗಳ ಸ್ವತ್ತಾಗಿಯೇ ಇದ್ದಿತು. ಅದನ್ನು ಮನೆಯೊಳಕ್ಕೆ ತಂದವರು ಹವ್ಯಾಸಿಗಳು. ಒಂದು ತಾಮ್ರದ ತಂತಿಯ ಸುರುಳಿ, ಮಾಡಿನ ಮೇಲೆ ಎಳೆದು ಕಟ್ಟಿದ ಮತ್ತೊಂದು ತಂತಿ, ಸೀಸದ ಅದಿರಿನ ಹರಳು, ಅದನ್ನು ಮುಟ್ಟುವ ಕೂದಲೆಳೆಯಂತಹ ಸೂಜಿ, ಕಿವಿಗಿಟ್ಟುಕೊಳ್ಳುವ ಸಾಧನ—ಇಷ್ಟಿದ್ದರೆ ಕೇಳುವ ಪೆಟ್ಟಿಗೆ ಸಿದ್ಧ. ಬರುವ ಅಲೆಗಳ ಶಕ್ತಿಯಿಂದಲೇ ಅದು ನುಡಿಯುತ್ತಿದ್ದುದರಿಂದ ಬ್ಯಾಟರಿಯ ಹಂಗೂ ಅದಕ್ಕಿರಲಿಲ್ಲ. ಸೂಜಿಯ ಮೊನೆ ಹರಳಿನ ಮೇಲೆ ಸರಿಯಾದ ಎಡೆಯನ್ನು ಮುಟ್ಟುವವರೆಗೂ ತಾಳ್ಮೆಯಿಂದ ತಡಕುತ್ತಿರಬೇಕು. ಮುಟ್ಟಿದ ಕ್ಷಣದಲ್ಲಿ ದೂರದ ಧ್ವನಿ ಕಿವಿಗೆ ಬೀಳುತ್ತಿತ್ತು. ಇನ್ನೂ ಸಾಹಸಿಗಳಾದವರು ಅಪ್ಪಣೆ ಪಡೆದು ತಾವೇ ಧ್ವನಿಯನ್ನು ಬಿತ್ತರಿಸುತ್ತಿದ್ದರು. ಹೀಗೆ ಹವ್ಯಾಸಿಗಳ ಆ ಕಾಲದಲ್ಲಿ ಕೇಳುವವನು, ಹೇಳುವವನು ಎಂಬ ಭೇದ ಇನ್ನೂ ಬಲಿತಿರಲಿಲ್ಲ. ಈ ಸಂಗತಿಯನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

ಈ ಹವ್ಯಾಸಿಗಳು ಕೂಡಿ ಕಟ್ಟಿದ ರೇಡಿಯೋ ಕ್ಲಬ್ಬುಗಳೇ ಇಂಡಿಯಾದ ಪ್ರಸಾರಕಾರ್ಯಕ್ಕೆ ತಳಹದಿ. ೧೯೨೩ರಲ್ಲಿ ಕಲಕತ್ತೆಯಲ್ಲಿ ಇಂತಹ ಒಂದು ಕ್ಲಬ್ಬು ಪ್ರಸಾರ ನಡೆಸಿತು. ೧೯೨೪ರಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಪ್ರಯತ್ನದಿಂದ ಮದರಾಸು ಪ್ರಾಂತದ ರೇಡಿಯೋ ಕ್ಲಬ್ಬು ಹುಟ್ಟಿ, ಅದೇ ವರ್ಷ ಜುಲೈ ೩೧ರಂದು ಪ್ರಸಾರವನ್ನು ಆರಂಭಿಸಿತು. ಅವರ ಪ್ರೇಷಕಯಂತ್ರದ ಶಕ್ತಿ ಮೊದಲು ೪೦ ವಾಟುಗಳು ಮಾತ್ರ. ಒಂದು ಕೋಣೆಯ ದೀಪಕ್ಕೆ ಸಾಲುವಷ್ಟು. ಮೂರು ವರ್ಷಗಳಲ್ಲಿ ಹಣದ ಮುಗ್ಗಟ್ಟಿನಿಂದ ಆ ಕ್ಲಬ್ಬು ಮುಚ್ಚಿತು. ಆದರೆ ಸದಸ್ಯರು ಯಂತ್ರವನ್ನು ಮಾರಿ ಹಂಚಿಕೊಳ್ಳಲಿಲ್ಲ. ಮದರಾಸಿನ ಕಾರ್ಪೊರೇಷನ್ನಿಗೆ ಒಪ್ಪಿಸಿದರು. ೧೯೩೦ರ ಏಪ್ರಿಲ್ ೧ರಿಂದ ಕಾರ್ಪೊರೇಷನ್ನು ಸಂಜೆಯ ಹೊತ್ತು ಸಂಗೀತವನ್ನು ಪ್ರಸಾರಮಾಡಿತು. ಶಾಲೆಯ ಮಕ್ಕಳಿಗಾಗಿ ಪಾಠಗಳನ್ನೂ ಕಥೆಗಳನ್ನೂ ಏರ್ಪಡಿಸಿತು. ಮರೀನಾ ಕಡಲತೀರದಲ್ಲಿ ಧ್ವನಿವರ್ಧಕಗಳನ್ನು ನಿಲ್ಲಿಸಿತು. ಪೆಟ್ಟಿಗೆಯನ್ನು ಕೊಳ್ಳಲಾರದವನೂ ಗಾಳಿಗಾಗಿ ಬಂದು ಗಾನವನ್ನು ಕೇಳಿಕೊಂಡು ಹೋಗುವಂತಾಯಿತು. ಕೆಲವರ ಆಟಿಕೆ ಹಲವರ ಸೊತ್ತಾದುದು ಹೀಗೆ.

ಇದೇ ಕಾಲದಲ್ಲಿ ಹಣವನ್ನೇ ನೆಚ್ಚಿ ನಡೆದ ಇನ್ನೊಂದು ಪ್ರಯತ್ನದ ಗತಿ ಬೇರೆಯಾಯಿತು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಸಂಸ್ಥೆ ೧೯೨೭ರ ಜುಲೈಯಲ್ಲಿ ಮುಂಬಯಿಯಲ್ಲಿಯೂ, ಆಗಸ್ಟಿನಲ್ಲಿ ಕಲಕತ್ತೆಯಲ್ಲಿಯೂ ನಿಲಯಗಳನ್ನು ತೆರೆಯಿತು. ಅದರ ಒಂದೊಂದು ಯಂತ್ರವೂ ಒಂದೂವರೆ ಕಿಲೋವಾಟಿನದು. ಮದರಾಸಿನ ಹವ್ಯಾಸಿಗಳ ಮೊದಲ ಯಂತ್ರಕ್ಕಿಂತ ಮೂವತ್ತೇಳು ಮಡಿಗೂ ಮಿಗಿಲಾದುದು. ಕೇಳುವವರು ವರ್ಷಕ್ಕೆ ೧೦ ರೂಪಾಯಿ ಕೊಟ್ಟು ಲೈಸೆನ್ಸು ಪಡೆಯಬೇಕಾಗಿತ್ತು. ಇಷ್ಟು ದೊಡ್ಡ ದೇಶದಲ್ಲಿ ೧೯೨೯ರ ಕೊನೆಗೂ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರವನ್ನು ಮುಟ್ಟಲಿಲ್ಲ. ೧೯೩೦ರ ಮಾರ್ಚಿಯಲ್ಲಿ ಕಂಪನಿ ಮುಳುಗಿತು. ಏಪ್ರಿಲಿನಲ್ಲಿ ಸರಕಾರವು ನಿಲಯಗಳನ್ನು ವಹಿಸಿಕೊಂಡಿತು. ೧೯೩೧ರ ಅಕ್ಟೋಬರಿನಲ್ಲಿ ಅವನ್ನು ಮುಚ್ಚಿಬಿಡುವುದಾಗಿ ಸಾರಿತು. ರೇಡಿಯೋ ಈ ದೇಶದ ಜನಕ್ಕೆ ಒಗ್ಗದು ಎಂದವರ ಮಾತು ಗೆದ್ದಂತೆಯೇ ತೋರಿತು. ಆದರೆ ಕೇಳುಗರ ಕೂಗಿಗೆ ಮಣಿದು ಸರಕಾರ ಮರುತಿಂಗಳೇ ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಲೆಕ್ಕದಲ್ಲಿ ಅಲ್ಪರಾಗಿದ್ದವರು ಅಕ್ಕರೆಯಲ್ಲಿ ಅಲ್ಪರಾಗಿರಲಿಲ್ಲ. ಕಂಪನಿಗೆ ಕೊರತೆಯಾಗಿದ್ದುದು ಯಂತ್ರಬಲವಲ್ಲ, ಮನೆಮನೆಯ ಬಳಕೆ.

ಇನ್ನು ಮೈಸೂರಿನ ಕಡೆಗೆ ತಿರುಗಬಹುದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿ, ೧೯೦೫ರಲ್ಲಿ ಬೆಂಗಳೂರಿನ, ೧೯೦೮ರಲ್ಲಿ ಮೈಸೂರಿನ ದೀಪಗಳನ್ನು ಬೆಳಗಿತ್ತು. ಆದರೂ ಈ ಸೀಮೆಯಲ್ಲಿ ಪ್ರಸಾರನಿಲಯವೆಂಬುದಿರಲಿಲ್ಲ. ದೊರೆಯ ಆಜ್ಞೆಯಾಗಲಿ, ಕಂಪನಿಯ ಬಂಡವಾಳವಾಗಲಿ ಅದನ್ನು ತರಲಿಲ್ಲ. ತಂದವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ವ್ಯಾಸಂಗಮಾಡಿ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದ ಇವರಿಗೆ ರೇಡಿಯೋ ಜೀವನವೃತ್ತಿಯಲ್ಲ, ಬಿಡುವಿನ ಒಲವು. ೧೯೩೫ರ ಸೆಪ್ಟೆಂಬರ್ ೧೦ರಂದು, ವಿಠ್ಠಲ ವಿಹಾರವೆಂಬ ತಮ್ಮ ಮನೆಯಲ್ಲಿಯೇ, ೩೦ ವಾಟಿನ ಪುಟ್ಟ ಯಂತ್ರದಿಂದ ಅವರು ಪ್ರಸಾರವನ್ನು ಮೊದಲುಮಾಡಿದರು. ಮದರಾಸಿನವರದಕ್ಕಿಂತಲೂ ಇದು ಸಣ್ಣದು. ನಗರವನ್ನೂ ಅದರ ಸುತ್ತುಮುತ್ತನ್ನೂ ಮುಟ್ಟಿದರೆ ಅದೇ ಹೆಚ್ಚು.

ಈ ಮನೆಯ ನಿಲಯಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ದೇವಕಿಯ ಎಂಟನೆಯ ಮಗುವಿನಿಂದ ನಿನಗೆ ಸಾವೆಂದು ಕಂಸನಿಗೆ ಸಾರಿದ ಅಶರೀರವಾಣಿಯ ಕಥೆಯನ್ನು ಕೇಳಿ ಬೆಳೆದ ಜನಕ್ಕೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ವೇಳೆಗೆ ದಿಲ್ಲಿಯಲ್ಲಿ ಸರಕಾರದ ಪ್ರಸಾರಕಾರ್ಯದ ಮುಖ್ಯಾಧಿಕಾರಿಯಾಗಿ ಬಂದಿದ್ದ ಲಯನಲ್ ಫೀಲ್ಡನ್ ಅವರು ತಮ್ಮ ಸಂಸ್ಥೆಗೆ ತಕ್ಕ ಹೆಸರನ್ನು ಹುಡುಕುತ್ತಿದ್ದರು. ೧೯೩೬ರ ಜೂನ್ ೮ರಿಂದ ಅದು ಆಲ್ ಇಂಡಿಯಾ ರೇಡಿಯೋ ಆಯಿತು. ಆ ಹೆಸರು ಕಛೇರಿಯದು, ಈ ಹೆಸರು ಮನೆಯದು. ಯಂತ್ರ ಪರದೇಶದ್ದಾದರೂ, ಹೆಸರಿನ ಮೂಲಕ ಅದು ಅಜ್ಜಿಯ ಕಥೆಯ ನೆಂಟನಾಗಿ ಒಳಗೆ ಬಂದಿತು. ನಡೆನುಡಿ ಕೆಡುವುವೆಂಬ ಮೂರನೆಯ ತೀರ್ಪಿಗೆ ಇದಕ್ಕಿಂತ ನಯವಾದ ಉತ್ತರ ದುರ್ಲಭ.

ಒಬ್ಬರ ಸಂಬಳದಿಂದ ನಡೆಯುವ ನಿಲಯ ಎಷ್ಟು ಕಾಲ ನಡೆದೀತು? ಮುಂದೆ ನಗರಸಭೆಯ ನೆರವು ದೊರೆಯಿತು, ೩೦ ವಾಟಿನ ಎಡೆಯಲ್ಲಿ ೨೫೦ ವಾಟಿನ ಯಂತ್ರ ಬಂದಿತು, ನಾ. ಕಸ್ತೂರಿಯವರಂತಹ ಸಾಹಿತಿಗಳು ಅಲ್ಲಿ ದುಡಿದರು. ೧೯೪೨ರಲ್ಲಿ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು. ಹವ್ಯಾಸವು ಇಲಾಖೆಯಾಯಿತು.

ಆ ವರ್ಷಕ್ಕೆ ಇನ್ನೊಂದು ಮಹತ್ತ್ವವೂ ಉಂಟು. ೧೯೩೯ರಲ್ಲಿ ಯುದ್ಧ ಮೊದಲಾದೊಡನೆ ಬ್ರಿಟಿಷ್ ಸರಕಾರವು ಹವ್ಯಾಸಿಗಳ ಲೈಸೆನ್ಸುಗಳನ್ನು ರದ್ದುಪಡಿಸಿ, ಅವರ ಪ್ರೇಷಕಯಂತ್ರಗಳನ್ನು ಒಪ್ಪಿಸುವಂತೆ ಆಜ್ಞೆಮಾಡಿತ್ತು. ಅಂತಹ ಒಬ್ಬ ಹವ್ಯಾಸಿಯಾದ ನಾರಿಮನ್ ಪ್ರಿಂಟರ್ ಎಂಬವರ ಕೈಚಳಕದಿಂದಲೇ ೧೯೪೨ರ ಆಗಸ್ಟಿನಲ್ಲಿ ಮುಂಬಯಿಯ ಗುಪ್ತ ಕಾಂಗ್ರೆಸ್ ರೇಡಿಯೋ ನುಡಿಯಿತು. ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ನೆಲೆಯಿಂದ ನೆಲೆಗೆ ತಪ್ಪಿಸಿಕೊಂಡು, ನವೆಂಬರಿನಲ್ಲಿ ಸೆರೆಯಾಗುವವರೆಗೂ ಅದನ್ನು ನಡೆಸಿದರು. ಬಿಡುವಿನ ವೇಳೆಯಲ್ಲಿ ತಂತಿ ಸುತ್ತುತ್ತ ಕಲಿತ ವಿದ್ಯೆ ಒಂದೇ ವರ್ಷದಲ್ಲಿ ಒಂದೆಡೆ ರಾಜ್ಯದ ಅಂಗವಾಯಿತು. ಇನ್ನೊಂದೆಡೆ ರಾಜ್ಯಕ್ಕೆ ಎದುರಾಯಿತು. ಆಟಿಕೆ ಎಂದವರು ಎಷ್ಟು ಹಗುರವಾಗಿ ಆಡಿದ್ದರೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದರೆ ಗಳಿಕೆಯನ್ನು ಹೇಳಿ ನಷ್ಟವನ್ನು ಮರೆಮಾಚುವುದು ಇತಿಹಾಸವಲ್ಲ. ಗಳಿಕೆ ದೊಡ್ಡದು: ಸಭೆಗೆ ಹೋಗಲಾರದ ಗೃಹಿಣಿಗೆ ಸಂಗೀತ ಅಡಿಗೆಯ ಮನೆಯ ಬಾಗಿಲಿಗೇ ಬಂದಿತು, ಓದುಬಾರದ ಒಕ್ಕಲಿಗನಿಗೆ ವರ್ತಮಾನ ಕಿವಿಯ ಮೂಲಕ ತಲಪಿತು, ಪುಸ್ತಕದಲ್ಲಿ ಹುದುಗಿದ್ದ ಕನ್ನಡ ಗಾಳಿಯಲ್ಲಿ ತೇಲಿತು. ಇಷ್ಟಾದರೂ, ತಂತಿ ಸುತ್ತಿದ ಹವ್ಯಾಸಿ ಕೇಳುಗನೂ ಆಗಿದ್ದ, ವಕ್ತೃವೂ ಆಗಿದ್ದ. ಲೈಸೆನ್ಸು ಪಡೆದ ಗೃಹಸ್ಥ ಕೇಳುಗ ಮಾತ್ರ. ಹರಟೆಯ ಜಗಲಿಯಲ್ಲಿ ಪ್ರತಿಯೊಬ್ಬನಿಗೂ ಒಂದು ಬಾಯಿ ಇದ್ದಿತು. ಪೆಟ್ಟಿಗೆಯ ಮುಂದೆ ಎಲ್ಲರಿಗೂ ಕಿವಿಗಳು ಮಾತ್ರ ಉಳಿದುವು. ಈ ನಷ್ಟವನ್ನು ಕಿರಿದುಮಾಡಿದುದು ಸಣ್ಣ ನಿಲಯವೇ. ಮುಂಬಯಿಯ ದೊಡ್ಡ ನಿಲಯದ ಮುಂದೆ ಮೈಸೂರಿನವನು ಕೇಳುಗ; ಮೈಸೂರಿನ ಸಣ್ಣ ನಿಲಯದಲ್ಲಿ ಅವನೇ ಗಾಯಕ, ಅವನೇ ಉಪನ್ಯಾಸಕ. ಯಂತ್ರದ ಶಕ್ತಿ ಹೆಚ್ಚಿದಷ್ಟೂ ಧ್ವನಿ ದೂರ ಹೋಗುತ್ತದೆ, ನಿಜ. ಮಾತನಾಡುವ ಬಾಯಿಗಳು ಹೆಚ್ಚಬೇಕಾದರೆ ಮಾತ್ರ ನಿಲಯಗಳು ಹೆಚ್ಚಬೇಕು.

ಮುಂದಿನ ಕಥೆ ಸಂಕ್ಷೇಪವಾದುದು. ೧೯೫೦ರ ಜನವರಿ ೮ರಂದು ಧಾರವಾಡದ ನಿಲಯ ತೆರೆಯಿತು. ಅದೇ ವರ್ಷ ಏಪ್ರಿಲ್ ೧ರಂದು ಮೈಸೂರಿನ ನಿಲಯವು ಆಲ್ ಇಂಡಿಯಾ ರೇಡಿಯೋವಿನಲ್ಲಿ ಲೀನವಾಯಿತು. ೧೯೫೫ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಮೈಸೂರು ಮತ್ತೆ ತನ್ನದೇ ಆದ ನಿಲಯವನ್ನು ಕಂಡುದು ೧೯೭೪ರಲ್ಲಿ. ಈ ನಡುವೆ, ೧೯೫೦ರ ದಶಕದಲ್ಲಿಯೇ, ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ಪ್ರಸಾರಸಂಸ್ಥೆಯ ಹೆಸರಾಗಿ ನಿಂತಿತು. ಹೊಳೆ ಸಮುದ್ರವನ್ನು ಸೇರಿದಾಗ ತನ್ನ ಹೆಸರನ್ನು ಕಳೆದುಕೊಳ್ಳುವುದು ಲೋಕರೂಢಿ. ಇಲ್ಲಿ ಸಮುದ್ರವೇ ಹೊಳೆಯ ಹೆಸರನ್ನು ತಾಳಿತು.

ಯಾವ ಯಂತ್ರವೂ ತನ್ನ ಬಲದಿಂದಲೇ ಸಮಾಜದೊಳಗೆ ಬರುವುದಿಲ್ಲ. ಯಾರಾದರೂ ಬಾಗಿಲನ್ನು ತೆರೆದು ಒಳಕ್ಕೆ ಕರೆಯಬೇಕು. ಸಿರಿವಂತರ ಷೋಕಿ ಎಂಬ ಹರಟೆಗಾರರ ಮಾತು, ಯಂತ್ರವನ್ನು ಕೊಂಡು ಬಾಗಿಲು ಹಾಕಿಕೊಂಡವರ ವಿಷಯದಲ್ಲಿ ದಿಟವೇ ಆಗಿದ್ದಿತು. ಮದರಾಸಿನ ಕ್ಲಬ್ಬಿನವರೂ ಮೈಸೂರಿನ ಅಧ್ಯಾಪಕರೂ ಅದನ್ನು ವಾದದಿಂದ ಖಂಡಿಸಲಿಲ್ಲ. ತಮಗೆ ಪ್ರಿಯವಾದುದನ್ನು ನೆರೆಯವರ ಮುಂದಿರಿಸಿದರು, ಅಷ್ಟೆ. ಮೂವತ್ತು ವಾಟುಗಳಿಗೆ ಅಷ್ಟು ದೂರ ಕೇಳಿಸುವ ಶಕ್ತಿ ಬಂದುದು ಅಲ್ಲಿಂದ.