ಗಣಕದೊಡನೆ ಬಂದ ವಿಂಡೋಸ್ ಮತ್ತೊಂದು ಯಂತ್ರಕ್ಕೆ ಸಲ್ಲುವುದೇ?

ಹಳೆಯ ಗಣಕಯಂತ್ರವನ್ನು ಬದಲಿಸಿ ಹೊಸದನ್ನು ಕೊಳ್ಳುವಾಗ ನಮ್ಮ ಮನೆಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಯಂತ್ರದ ಬೆಲೆಯಲ್ಲಿ ವಿಂಡೋಸ್‌ಗೂ ಹಣ ತೆತ್ತಿದ್ದೇವೆ. ಯಂತ್ರ ಹಳತಾದರೂ ತಂತ್ರಾಂಶ ಸವೆದಿಲ್ಲ. ಅದನ್ನೇ ಹೊಸ ಯಂತ್ರದಲ್ಲಿ ಅಳವಡಿಸಿಕೊಂಡರೆ ತಪ್ಪೇನು? ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರವು ನಾವು ಯಾವ ಬಗೆಯ ಪರವಾನಗಿಗೆ ಹಣ ತೆತ್ತಿದ್ದೇವೆ ಎಂಬುದನ್ನು ಅವಲಂಬಿಸಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಬಳಿಕ ಅನೇಕ ಕುಟುಂಬಗಳಿಗೆ ಯಂತ್ರ ಬದಲಿಸುವ ಪ್ರಸಂಗ ಒದಗಿರುವುದರಿಂದ ಈ ವಿಷಯವನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ.

ಪರವಾನಗಿಯ ಮೂರು ಬಗೆಗಳು

ಮೊದಲನೆಯದು ಒಇಎಂ, ಅಂದರೆ ತಯಾರಕರ ಮೂಲಕ ಯಂತ್ರದೊಡನೆಯೇ ಬರುವ ಪರವಾನಗಿ. ಎರಡನೆಯದು ರೀಟೇಲ್, ಅಂಗಡಿಯಲ್ಲಿ ಅಥವಾ ಅಂತರ್ಜಾಲದಲ್ಲಿ ಪ್ರತ್ಯೇಕವಾಗಿ ಕೊಂಡದ್ದು. ಮೂರನೆಯದು ಕಚೇರಿಗಳು ಸಗಟಾಗಿ ಪಡೆಯುವ ವಾಲ್ಯೂಮ್ ಪರವಾನಗಿ. ಇದು ಸಂಸ್ಥೆಯ ಸ್ವತ್ತೇ ಹೊರತು ನೌಕರನದಲ್ಲ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಒಇಎಂ ಪರವಾನಗಿಯು ಎರಡು ಗೆರೆ ಎಳೆದು 'ಅಕೌಂಟ್ ಪೇಯಿ' ಎಂದು ಬರೆದ ಚೆಕ್ಕಿನಂತೆ. ಹೆಸರಿಸಿದ ಖಾತೆಗಲ್ಲದೆ ಬೇರೊಂದಕ್ಕೆ ಅದು ಜಮೆಯಾಗದು. ಇಲ್ಲಿ ಆ ಖಾತೆಯೆಂದರೆ ಮೊದಲ ಯಂತ್ರ. ಮೈಕ್ರೋಸಾಫ್ಟ್‌ನ ಒಪ್ಪಂದದ ಪ್ರಕಾರ ಇಂತಹ ವಿಂಡೋಸನ್ನು ಇನ್ನೊಬ್ಬರಿಗೆ ಕೊಡಬಹುದು, ಆದರೆ ಯಂತ್ರದ ಸಮೇತವಾಗಿ ಮಾತ್ರ. ರೀಟೇಲ್ ಪ್ರತಿಯನ್ನಾದರೋ ಹಳೆಯ ಯಂತ್ರದಿಂದ ತೆಗೆದುಹಾಕಿ ನಮ್ಮದೇ ಮತ್ತೊಂದು ಯಂತ್ರಕ್ಕೆ ಒಯ್ಯಲು ಅವಕಾಶವಿದೆ. ಏಕಕಾಲದಲ್ಲಿ ಎರಡರಲ್ಲೂ ಬಳಸುವಂತಿಲ್ಲ.

ಯಂತ್ರಕ್ಕೆ ಬೆಸೆದ ಬಗೆ

2001ರ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ 25 ಅಕ್ಷರಗಳ ಕೀಲಿಯನ್ನು ಮುದ್ರಿಸಿದ ಚೀಟಿಯನ್ನು ಗಣಕದ ಪೆಟ್ಟಿಗೆಗೆ ಅಂಟಿಸಲಾಗುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ದೊಡ್ಡ ತಯಾರಕರು ಕೀಲಿಯನ್ನು ಮದರ್‌ಬೋರ್ಡಿನ ಚಿಪ್‌ನಲ್ಲಿಯೇ ಬರೆದಿಡತೊಡಗಿದರು. 2015ರ ವಿಂಡೋಸ್ 10ರಿಂದ ಡಿಜಿಟಲ್ ಪರವಾನಗಿಯೂ ಬಂತು. ಯಂತ್ರಾಂಶದ ಗುರುತನ್ನು ಮೈಕ್ರೋಸಾಫ್ಟ್ ತನ್ನ ಸರ್ವರಿನಲ್ಲಿ ದಾಖಲಿಸಿಕೊಳ್ಳುತ್ತದೆ. ಆದುದರಿಂದಲೇ ಅದೇ ಯಂತ್ರದಲ್ಲಿ ಅದೇ ಆವೃತ್ತಿಯನ್ನು ಎಷ್ಟು ಸಲ ಮರಳಿ ಅಳವಡಿಸಿದರೂ ಹೊಸದಾಗಿ ಹಣ ತೆರಬೇಕಾಗಿಲ್ಲ.

ರ‍್ಯಾಮ್ ಹೆಚ್ಚಿಸಿದರೆ ಅಥವಾ ಹಾರ್ಡ್ ಡಿಸ್ಕ್ ಬದಲಿಸಿದರೆ ಪರವಾನಗಿಗೆ ಬಾಧಕವಿಲ್ಲ. ಮದರ್‌ಬೋರ್ಡ್ ಮಾತ್ರ ಯಂತ್ರದ ತಾಯಿಬೇರು. ಅದು ಕೆಟ್ಟು, ದುರಸ್ತಿಯ ಅಂಗವಾಗಿ ಬದಲಾದರೆ ಒಇಎಂ ಪರವಾನಗಿ ಉಳಿಯುತ್ತದೆ. ಹೆಚ್ಚಿನ ವೇಗಕ್ಕಾಗಿ ನಾವಾಗಿ ಬದಲಿಸಿದರೆ ಅದನ್ನು ಹೊಸ ಯಂತ್ರವೆಂದೇ ಪರಿಗಣಿಸಲಾಗುತ್ತದೆ.

ನಮ್ಮಲ್ಲಿರುವುದು ಯಾವುದು?

ಕಮಾಂಡ್ ಪ್ರಾಂಪ್ಟ್ ತೆರೆದು ಎಸ್, ಎಲ್, ಎಂ, ಜಿ, ಆರ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಒತ್ತಾಗಿ ಬರೆದು, ತುಸು ಜಾಗ ಬಿಟ್ಟು, ಓರೆಗೆರೆ ಹಾಕಿ, ಡಿ, ಎಲ್, ಐ ಎಂದು ಸೇರಿಸಿ ಎಂಟರ್ ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರಲ್ಲಿ ಒಇಎಂ, ರೀಟೇಲ್ ಅಥವಾ ವಾಲ್ಯೂಮ್ ಎಂಬ ಪದ ಕಾಣುವುದು. ಒಂದು ಎಚ್ಚರಿಕೆ ಅಗತ್ಯ. ಯಂತ್ರದೊಡನೆ ಬಂದ ವಿಂಡೋಸ್ 7 ಅಥವಾ 8ರಿಂದ ಉಚಿತವಾಗಿ 10ಕ್ಕೆ ಏರಿದವರಿಗೆ ಇಲ್ಲಿ ರೀಟೇಲ್ ಎಂದು ಕಾಣಬಹುದು. ಮೂಲ ಪರವಾನಗಿ ಒಇಎಂ ಆಗಿದ್ದುದರಿಂದ ಅವರ ಹಕ್ಕೂ ಹಳೆಯ ಯಂತ್ರಕ್ಕೇ ಸೀಮಿತ.

ಡಿಸ್ಕನ್ನೇ ಕಳಚಿ ಜೋಡಿಸಿದರೆ?

ಹಳೆಯ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿದರೆ ವಿಂಡೋಸ್ ಎಷ್ಟೋ ಸಲ ತೆರೆದುಕೊಂಡರೂ ಸಕ್ರಿಯವಾಗಿಲ್ಲವೆಂಬ ಸೂಚನೆ ನೀಡುತ್ತದೆ. ಇದಕ್ಕಿಂತ ಗಂಭೀರವಾದ ಅಪಾಯ ಬೇರೆಯಿದೆ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಲವು ವೇಳೆ ನಮಗರಿವಿಲ್ಲದೆಯೇ ಗೂಢಲಿಪಿಗೆ ಒಳಪಟ್ಟಿರುತ್ತದೆ; ಅದರ ಕೀಲಿ ಮೂಲ ಯಂತ್ರದ ಚಿಪ್‌ನಲ್ಲಿರುತ್ತದೆ. ಡಿಸ್ಕ್ ಸ್ಥಳಾಂತರಗೊಂಡೊಡನೆ 48 ಅಂಕಿಗಳ ಬಿಟ್‌ಲಾಕರ್ ಮರುಪ್ರಾಪ್ತಿ ಕೀಲಿ ಕೇಳಲ್ಪಡುತ್ತದೆ. ಅದಿಲ್ಲವಾದರೆ ಮಕ್ಕಳ ನಾಮಕರಣದ ಚಿತ್ರಗಳಿಂದ ಹಿಡಿದು ಆದಾಯ ತೆರಿಗೆಯ ಕಡತಗಳವರೆಗೆ ಎಲ್ಲವೂ ಕೈತಪ್ಪಿದಂತೆಯೇ. ಆದಕಾರಣ ಮೊದಲು ಕಡತಗಳ ಪ್ರತಿ ತೆಗೆಯಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಉಳಿದಿದೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಬೇಕು.

ಕಾನೂನಿನ ದೃಷ್ಟಿ

ಈ ನಿಯಮ ಎಲ್ಲ ದೇಶಗಳಲ್ಲೂ ಒಂದೇ ತೆರನಲ್ಲ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2000ದಲ್ಲಿ ಒಇಎಂ ಪ್ರತಿಯನ್ನು ಯಂತ್ರದಿಂದ ಬೇರ್ಪಡಿಸಿ ಮಾರಬಹುದೆಂದು ತೀರ್ಪಿತ್ತಿತು. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2012ರಲ್ಲಿ, ಶಾಶ್ವತವಾಗಿ ಮಾರಿದ ತಂತ್ರಾಂಶದ ಮರುಮಾರಾಟವನ್ನು ಎತ್ತಿಹಿಡಿಯಿತು. ಈ ತೀರ್ಪುಗಳು ಭಾರತಕ್ಕೆ ಅನ್ವಯಿಸವು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ಹಕ್ಕುಸ್ವಾಮ್ಯ ಉಲ್ಲಂಘಿಸಿದ ಪ್ರತಿಯನ್ನು ತಿಳಿದೂ ಬಳಸುವುದು 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸಕ್ಕೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಗುರಿಮಾಡುವ ಅಪರಾಧ. ವ್ಯಾಪಾರೋದ್ದೇಶವಿಲ್ಲದಿದ್ದಲ್ಲಿ ವಿಶೇಷ ಕಾರಣಗಳಿಗಾಗಿ ಸೆರೆವಾಸವನ್ನು ಕೈಬಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ದಂಡದ ಭಯಕ್ಕಿಂತಲೂ ಮುಖ್ಯವಾದುದೆಂದರೆ, ಬೀಗ ಮುರಿದ ವಿಂಡೋಸ್‌ನೊಡನೆ ಗುಪ್ತಪದ ಕದಿಯುವ ತಂತ್ರಾಂಶಗಳು ನುಸುಳಬಹುದು. ನಿವೃತ್ತಿಯ ಹಣವಿರುವ ಖಾತೆಯನ್ನು ಅಂತಹ ಯಂತ್ರದಲ್ಲಿ ತೆರೆಯುವುದು ಸರ್ವಥಾ ಸಲ್ಲದು.

ಹಾಗಾದರೆ ಮಾಡಬೇಕಾದುದೇನು?

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್‌ಗಳಲ್ಲಿ ಬಿಡಿಭಾಗ ಜೋಡಿಸಿದ ಗಣಕ ಕೊಳ್ಳುವವರು ಪರವಾನಗಿ ಒಇಎಂ ಅಥವಾ ರೀಟೇಲ್ ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು. ಆಗಾಗ ಮದರ್‌ಬೋರ್ಡ್ ಬದಲಿಸುವವರಿಗೆ ಬೆಲೆ ಹೆಚ್ಚಾದರೂ ರೀಟೇಲ್ ಲೇಸು.

ಹಳೆಯ ಯಂತ್ರವನ್ನು ಶಾಲೆಗೋ ಸಂಘದ ವಾಚನಾಲಯಕ್ಕೋ ದಾನ ಮಾಡುವುದಾದರೆ ನಮ್ಮ ಕಡತಗಳನ್ನು ಸಂಪೂರ್ಣ ಅಳಿಸಿ, ವಿಂಡೋಸನ್ನು ಅದರಲ್ಲಿಯೇ ಉಳಿಸಿ ಕೊಡುವುದು ಕ್ರಮ. ಪರವಾನಗಿಯೂ ದಾನದ ಭಾಗವೇ. ಅದು ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಇಲ್ಲದ ಯಂತ್ರವಾಗಿದ್ದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅಳವಡಿಸಬಹುದು. ಇವು ಉಚಿತ, ಕನ್ನಡದಲ್ಲಿ ಬರೆಯಲೂ ಓದಲೂ ಅನುಕೂಲವಿದೆ, ಒಂದು ಯಂತ್ರದಿಂದ ಮತ್ತೊಂದಕ್ಕೆ ಒಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ.